ಅಂತರಂಗದ ಬರಹ: ಓಲೆಗರಿಯಿಂದ ಗಣಕಯಂತ್ರದವರೆಗೆ

ಮನುಷ್ಯನು ಮಾಡುವ ಬರವಣಿಗೆಯನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಶಾಸನ, ಶಾಸ್ತ್ರಗ್ರಂಥ, ಕಡತ, ಲೆಕ್ಕಪತ್ರ ಮೊದಲಾದವು ಲೋಕವ್ಯವಹಾರದ ಸಲುವಾಗಿ ಹುಟ್ಟಿದವು. ಅವುಗಳಿಗೆ ಒಡೆಯರಿದ್ದಾರೆ, ರಕ್ಷಕರಿದ್ದಾರೆ, ಅವುಗಳನ್ನಿಡಲು ಭಂಡಾರಗಳೂ ಇವೆ. ದಿನಚರಿ, ಖಾಸಗಿ ಕಾಗದ, ನೆನಪಿನ ಟಿಪ್ಪಣಿ, ಮನಸ್ಸಿಗೆ ತೋಚಿದ್ದನ್ನು ತೋಚಿದಂತೆ ಬರೆದಿಟ್ಟ ಪುಟ ಇವು ಎರಡನೆಯ ಬಗೆಗೆ ಸೇರುತ್ತವೆ. ಇವುಗಳನ್ನು ಬರೆಯೆಂದು ಯಾರೂ ಆಜ್ಞಾಪಿಸಿರುವುದಿಲ್ಲ. ಬರೆದಿದ್ದಕ್ಕೆ ಸಂಭಾವನೆಯೂ ದೊರೆಯುವುದಿಲ್ಲ. ಆದರೂ ಮನುಷ್ಯನು ಬರೆಯುತ್ತಾನೆ. ಬರೆದುದನ್ನು ತನ್ನಲ್ಲಿಯೇ ಅಡಗಿಸಿಟ್ಟುಕೊಳ್ಳಬೇಕೆಂಬ ಆಸೆಯೂ, ಸಮಾನಮನಸ್ಕರಾದ ಒಬ್ಬಿಬ್ಬರಾದರೂ ಅದನ್ನು ಓದಲೆಂಬ ಆಸೆಯೂ ಅವನಲ್ಲಿ ಏಕಕಾಲಕ್ಕೆ ಇರುತ್ತವೆ. ಈ ಎರಡು ಆಸೆಗಳ ನಡುವೆ ಹುಟ್ಟುವ ಬರವಣಿಗೆಯನ್ನೇ ಇಲ್ಲಿ ‘ಅಂತರಂಗದ ಬರಹ’ವೆಂದು ಕರೆಯಲಾಗಿದೆ. ಕನ್ನಡದಲ್ಲಿ ಅದು ನಡೆದುಬಂದ ದಾರಿ ಯಾವುದು, ಇಂದು ಅದಕ್ಕೆ ಒದಗಿರುವ ಅನುಕೂಲ ಹಾಗೂ ಅಪಾಯಗಳು ಯಾವುವು, ಅದನ್ನು ಉಳಿಸಿಕೊಳ್ಳುವಲ್ಲಿ ವಿದ್ಯಾಸಂಸ್ಥೆಗಳ ಹೊಣೆ ಏನು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಶರಣರು ತೆರೆದ ಬಾಗಿಲು

ಕನ್ನಡದಲ್ಲಿ ಅಂತರಂಗದ ಬರಹದ ಮಾತೆತ್ತಿದೊಡನೆ ಹನ್ನೆರಡನೆಯ ಶತಮಾನದ ಕಲ್ಯಾಣವೇ ಮೊದಲು ನೆನಪಿಗೆ ಬರುವುದು ಸಹಜ. ಅದಕ್ಕೆ ಮುಂಚಿನ ಕಾವ್ಯವು ಬಹುಮಟ್ಟಿಗೆ ಅರಸರ ಆಶ್ರಯದಲ್ಲಿ, ಪಂಡಿತರ ಸಭೆಗಾಗಿ ಬೆಳೆದುದಾಗಿತ್ತು. ಅಲ್ಲಿ ಕವಿಯು ಪುರಾಣಪುರುಷರ ಕಥೆಯನ್ನು ಹೇಳುತ್ತಿದ್ದನೇ ಹೊರತು ತನ್ನ ದೈನಂದಿನ ಬದುಕಿನ ಕಥೆಯನ್ನು ಹೇಳುವುದು ವಿರಳವಾಗಿತ್ತು. ವಚನಕಾರರು ಈ ಕ್ರಮವನ್ನು ಬದಲಿಸಿದರು. ತಮ್ಮ ಸಂದೇಹ, ತಮ್ಮ ಸೋಲು, ತಮ್ಮ ಕಾಯಕದ ಕಷ್ಟ, ತಮ್ಮ ಮನೆಯೊಳಗಿನ ಮಾತು ಇವೆಲ್ಲವೂ ಬರಹಕ್ಕೆ ಯೋಗ್ಯವಾದ ವಸ್ತುಗಳೆಂದು ಅವರು ತೋರಿಸಿಕೊಟ್ಟರು. ದೋಣಿ ನಡೆಸುವವನು, ಹಗ್ಗ ಹೊಸೆಯುವವನು, ಬಿದಿರು ಹೆಣೆಯುವವನು, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವವಳು ಹೀಗೆ ಎಲ್ಲರೂ ತಮ್ಮ ತಮ್ಮ ವೃತ್ತಿಯ ನುಡಿಯಲ್ಲಿಯೇ ಮಾತನಾಡಿದರು.

ವಚನಗಳ ಅಂಕಿತವು ಈ ದೃಷ್ಟಿಯಿಂದ ಗಮನಾರ್ಹವಾದುದು. ಬಸವಣ್ಣನವರಿಗೆ ಕೂಡಲಸಂಗಮದೇವ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ, ಅಲ್ಲಮಪ್ರಭುಗಳಿಗೆ ಗುಹೇಶ್ವರ. ಅಂಬಿಗರ ಚೌಡಯ್ಯನಾದರೋ ತನ್ನ ಹೆಸರನ್ನೇ ಅಂಕಿತವಾಗಿಸಿಕೊಂಡನು. ಅಂಕಿತವು ಇಷ್ಟದೈವದ ಹೆಸರಾಗಿರುವಂತೆಯೇ ಬರೆದವರ ಗುರುತೂ ಆಗಿದೆ. ಮಾತು ದೇವರನ್ನು ಕುರಿತದ್ದು. ಆದ್ದರಿಂದ ಅದು ಅಂತರಂಗದ್ದು. ಅದೇ ಮಾತು ಶರಣರ ಗೋಷ್ಠಿಯಲ್ಲಿ ಎಲ್ಲರ ಕಿವಿಗೂ ಬೀಳುವಂಥದ್ದು; ಆದ್ದರಿಂದ ಬಹಿರಂಗದ್ದು ಕೂಡ. ಪರಂಪರೆಯು ಅನುಭವಮಂಟಪವೆಂದು ಕರೆಯುವ ಗೋಷ್ಠಿಯ ವೈಶಿಷ್ಟ್ಯವೂ ಇದೇ ಆಗಿದೆ. ಒಬ್ಬರು ತಮ್ಮ ಅನುಭವವನ್ನು ಇನ್ನೊಬ್ಬರ ಮುಂದಿಡುವುದು, ಅವರು ಅದನ್ನು ಒರೆಗೆ ಹಚ್ಚುವುದು, ಮೂರನೆಯವರು ಅದಕ್ಕೆ ತಮ್ಮ ಅನುಭವವನ್ನು ಕೂಡಿಸುವುದು ಎಂಬ ಕ್ರಮವು ಶೂನ್ಯಸಂಪಾದನೆಯಂತಹ ಕೃತಿಗಳಲ್ಲಿ ಸಂವಾದದ ರೂಪದಲ್ಲಿ ಉಳಿದುಬಂದಿದೆ. ಬರೆಯುವವನಿಗೆ ಆತ್ಮೀಯ ಓದುಗರ ಬಳಗವೊಂದು ದೊರೆತಾಗ ಬರಹ ಹೇಗೆ ಚಿಗುರುತ್ತದೆ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ಮೂವತ್ತಕ್ಕೂ ಹೆಚ್ಚು ಮಂದಿ ಸ್ತ್ರೀಯರು ಆ ಬಳಗದಲ್ಲಿ ತಮ್ಮ ಮಾತನ್ನು ದಾಖಲಿಸಿದರೆಂಬುದು ಅಂದಿನ ಲೋಕದಲ್ಲಿ ಅಪೂರ್ವವಾದ ಸಂಗತಿ.

ಉಳಿದುದೆಷ್ಟು, ಅಳಿದುದೆಷ್ಟು

ಆದರೆ ಅಂತರಂಗದ ಬರಹವು ಎಷ್ಟು ಸುಲಭವಾಗಿ ಅಳಿಯುವಂಥದ್ದೆಂಬ ಪಾಠವನ್ನೂ ಇದೇ ಚರಿತ್ರೆ ಕಲಿಸುತ್ತದೆ. ಸೂಳೆ ಸಂಕವ್ವೆ ಎಂಬ ಶರಣೆಯ ವಚನಗಳಲ್ಲಿ ಇಂದು ದೊರೆತಿರುವುದು ಒಂದೇ ಒಂದು. ‘ನಿರ್ಲಜ್ಜೇಶ್ವರ’ ಎಂಬ ಅಂಕಿತವುಳ್ಳ ಆ ಒಂದು ವಚನವೂ ಯಾವುದೋ ಓಲೆಯ ಕಟ್ಟಿನಲ್ಲಿ ಹುಳು ಹಿಡಿದು ಹೋಗಿದ್ದರೆ, ಸಮಾಜದ ಅಂಚಿನಲ್ಲಿದ್ದ ಹೆಣ್ಣುಮಗಳೊಬ್ಬಳು ತನ್ನ ವ್ರತನಿಷ್ಠೆಯನ್ನು ತನ್ನ ನುಡಿಯಲ್ಲೇ ಹೇಳಿಕೊಂಡಿದ್ದಳೆಂಬ ವಿಷಯವೇ ನಮಗೆ ತಿಳಿಯುತ್ತಿರಲಿಲ್ಲ. ಅವಳು ಹೇಳಿದ ಉಳಿದ ಮಾತುಗಳೇನಾದವು ಎಂಬ ಪ್ರಶ್ನೆಗೆ ಉತ್ತರವಿಲ್ಲ.

ಕಲ್ಯಾಣದ ವಿಪ್ಲವದ ಬಳಿಕ ಶರಣರು ವಚನದ ಕಟ್ಟುಗಳೊಡನೆ ದಿಕ್ಕುದಿಕ್ಕಿಗೆ ಚದುರಿದರೆಂದು ಪರಂಪರೆ ಹೇಳುತ್ತದೆ. ಮುಂದೆ ವಿಜಯನಗರದ ಕಾಲದಲ್ಲಿ ಅವುಗಳ ಸಂಕಲನಕಾರ್ಯ ನಡೆಯಿತು. ಆ ನಂತರ ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಓಲೆಗಳು ಉಳಿದವು. ತಾಳೆಯೋಲೆಯ ಮೇಲೆ ಕಬ್ಬಿಣದ ಕಂಠದಿಂದ ಕೊರೆದು, ಮಸಿ ತುಂಬಿ, ದಾರ ಪೋಣಿಸಿ, ಎರಡು ಹಲಗೆಗಳ ನಡುವೆ ಕಟ್ಟಿ, ವಸ್ತ್ರದಲ್ಲಿ ಸುತ್ತಿಡುತ್ತಿದ್ದರು. ಓಲೆ ಜೀರ್ಣವಾಗುವ ಮುನ್ನ ಮತ್ತೊಂದು ಪ್ರತಿಯನ್ನು ಮಾಡಿಕೊಳ್ಳುವುದು ಪುಣ್ಯಕಾರ್ಯವಾಗಿತ್ತು. ಪ್ರತಿ ಮಾಡುವವರು ನಿಂತೊಡನೆ ಗ್ರಂಥದ ಆಯುಸ್ಸೂ ಕ್ಷೀಣಿಸಿತು. ಎಷ್ಟೋ ಮನೆಗಳಲ್ಲಿ ಓಲೆಗಳಿಗೆ ಪೂಜೆ ಸಲ್ಲುತ್ತಿತ್ತೇ ವಿನಾ ಅವುಗಳನ್ನು ಬಿಚ್ಚಿ ಓದುವವರು ಇರಲಿಲ್ಲ.

ಇಂತಹ ಸನ್ನಿವೇಶದಲ್ಲಿ ಮುಂದೆ ಬಂದವರು ಡಾ. ಫ. ಗು. ಹಳಕಟ್ಟಿಯವರು (1880–1964). ವಿಜಾಪುರದಲ್ಲಿ ವಕೀಲಿ ವೃತ್ತಿಯಲ್ಲಿದ್ದ ಅವರು ಊರೂರು ಅಲೆದು, ಮನೆಮನೆಯ ಓಲೆಕಟ್ಟುಗಳನ್ನು ಬಿಚ್ಚಿಸಿ, ನಕಲು ಮಾಡಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿ, ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಸ್ವಂತ ಸಂಪಾದನೆಯನ್ನೆಲ್ಲ ಈ ಕಾರ್ಯಕ್ಕೆ ಧಾರೆಯೆರೆದು ತಾವು ಬಡತನದಲ್ಲಿ ಉಳಿದರು. 1993ರಲ್ಲಿ ಕರ್ನಾಟಕ ಸರ್ಕಾರವು ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಹೊರತರುವುದಕ್ಕೆ ಭದ್ರವಾದ ತಳಹದಿ ದೊರೆತದ್ದು ಇಂಥವರ ಪರಿಶ್ರಮದಿಂದಲೇ. ಆತ್ಮೀಯವಾದ ಬರಹಕ್ಕೆ ಅದನ್ನು ಬರೆದವನಷ್ಟೇ ಕಾಪಾಡುವವನೂ ಮುಖ್ಯನೆಂಬುದನ್ನು ಇದರಿಂದ ಅರಿಯಬಹುದು.

ಲೋಕಸಾಹಿತ್ಯದಲ್ಲಿಯೂ ಇದಕ್ಕೆ ಸಾದೃಶ್ಯಗಳುಂಟು. ಪುದುಚೇರಿಯಲ್ಲಿ ಫ್ರೆಂಚರ ದುಭಾಷಿಯಾಗಿದ್ದ ಆನಂದರಂಗ ಪಿಳ್ಳೆ 1736ರಿಂದ 1761ರವರೆಗೆ ತಮಿಳಿನಲ್ಲಿ ತನ್ನ ದಿನಚರಿಯನ್ನು ಬರೆದಿಟ್ಟನು. ಪೇಟೆಯ ಧಾರಣೆ, ಹಡಗುಗಳ ಆಗಮನ, ಮನೆಯ ಶುಭಾಶುಭಗಳು ಎಲ್ಲವೂ ಅದರಲ್ಲಿವೆ. ತನಗಾಗಿ ಬರೆದುಕೊಂಡ ಆ ಪುಸ್ತಕಗಳು ಇಂದು ಹದಿನೆಂಟನೆಯ ಶತಮಾನದ ದಕ್ಷಿಣ ಭಾರತದ ಚರಿತ್ರೆಗೆ ಅಮೂಲ್ಯವಾದ ಆಕರಗಳಾಗಿವೆ.

ಅಚ್ಚಿನ ಯುಗದ ಆತ್ಮೀಯತೆ

ಇಪ್ಪತ್ತನೆಯ ಶತಮಾನದಲ್ಲಿ ಅಚ್ಚುಕೂಟಗಳೂ ಮಾಸಪತ್ರಿಕೆಗಳೂ ಬೆಳೆದಂತೆ ಅಂತರಂಗದ ಬರಹವು ಹೊಸ ರೂಪಗಳನ್ನು ತಾಳಿತು. ಅವುಗಳಲ್ಲಿ ಮುಖ್ಯವಾದುದು ಲಲಿತ ಪ್ರಬಂಧ. ಫ್ರಾನ್ಸಿನ ಮಾಂಟೇನ್ 1580ರಲ್ಲಿ ಪ್ರಕಟಿಸಿದ ಪ್ರಬಂಧಗಳಲ್ಲಿ ತನ್ನನ್ನೇ ತನ್ನ ವಿಷಯವಾಗಿಸಿಕೊಂಡಿದ್ದನು. ಆ ಮಾದರಿ ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಬಂದರೂ ಇಲ್ಲಿನ ಮಣ್ಣಿನಲ್ಲಿ ಬೇರು ಬಿಟ್ಟು ಇಲ್ಲಿಯದೇ ಆಯಿತು. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’ (1930), ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ (1933), ಎ. ಎನ್. ಮೂರ್ತಿರಾಯರ ‘ಹಗಲುಗನಸುಗಳು’ (1937) ಈ ಬಗೆಯ ಕೃತಿಗಳು. ದೊಡ್ಡ ಸಂಗತಿಗಳನ್ನು ಬಿಟ್ಟು ಸಣ್ಣ ಸಂಗತಿಗಳನ್ನು ಹಿಡಿದು, ಓದುಗನನ್ನು ಜಗಲಿಯ ಮೇಲೆ ಕುಳ್ಳಿರಿಸಿಕೊಂಡು ಮಾತನಾಡುವ ರೀತಿ ಅವುಗಳದು. ಕುವೆಂಪು ಅವರು ಯೌವನದಲ್ಲಿ ಬರೆದಿಟ್ಟಿದ್ದ ದಿನಚರಿಗಳು ದಶಕಗಳ ನಂತರ ಅವರ ಆತ್ಮಕಥೆಯಾದ ‘ನೆನಪಿನ ದೋಣಿಯಲ್ಲಿ’ (1980) ಕೃತಿಗೆ ಆಧಾರವಾದವು. ಆ ಪುಸ್ತಕಗಳನ್ನು ಅವರು ಜೋಪಾನ ಮಾಡದಿದ್ದಲ್ಲಿ ಆತ್ಮಕಥೆಯ ಎಷ್ಟೋ ವಿವರಗಳು ನಮಗೆ ದಕ್ಕುತ್ತಿರಲಿಲ್ಲ.

ಸ್ತ್ರೀಯರ ಪಾಲಿಗೆ ಅಚ್ಚಿನ ಪುಟವು ಅದಕ್ಕಿಂತಲೂ ಹೆಚ್ಚಿನದಾಗಿತ್ತು. ಎಳೆಯ ವಯಸ್ಸಿನಲ್ಲಿಯೇ ವೈಧವ್ಯವನ್ನು ಅನುಭವಿಸಿದ ನಂಜನಗೂಡು ತಿರುಮಲಾಂಬ (1887–1982) ಮನೆಯೊಳಗಿನ ಏಕಾಂತವನ್ನೇ ಬರವಣಿಗೆಯ ಕೋಣೆಯಾಗಿಸಿಕೊಂಡು, 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿದರು. ಮುಂದೆ ಪತ್ರಿಕೆಗಳನ್ನೂ ನಡೆಸಿದರು. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು ‘ಸರಸ್ವತಿ’ ಮಾಸಪತ್ರಿಕೆಯನ್ನು ದಶಕಗಳ ಕಾಲ ನಡೆಸಿದುದಲ್ಲದೆ, 1938ರಲ್ಲಿ ಚಾಮರಾಜಪೇಟೆಯ ಮಕ್ಕಳ ಕೂಟವನ್ನು ಸ್ಥಾಪಿಸಿದರು. ಸಭೆಗೆ ಹೋಗಲಾರದ ಗೃಹಿಣಿಯೊಬ್ಬಳು ಅಡುಗೆಯ ಬಿಡುವಿನಲ್ಲಿ ಬರೆದ ನಾಲ್ಕು ಮಾತು ಅಚ್ಚಾಗಿ ಬಂದು, ಬೇರೊಂದು ಊರಿನ ಇನ್ನೊಬ್ಬ ಗೃಹಿಣಿ ಅದನ್ನು ಓದಿ ತನ್ನ ಮನಸ್ಸಿನ ಮಾತನ್ನೇ ಯಾರೋ ಹೇಳಿದರೆಂದು ಸಮಾಧಾನಗೊಳ್ಳುವುದು ಇಂಥ ಪತ್ರಿಕೆಗಳಿಂದ ಸಾಧ್ಯವಾಯಿತು. ಪರಸ್ಪರ ಮುಖಪರಿಚಯವಿಲ್ಲದವರ ನಡುವೆ ಬರಹವೇ ಬೆಳೆಸಿದ ಸ್ನೇಹವದು.

ಅಚ್ಚಿನ ಭಾಗ್ಯವಿಲ್ಲದ ಬರಹಗಳಿಗೂ ಕೊರತೆಯಿರಲಿಲ್ಲ. ವಿದ್ಯಾರ್ಥಿನಿಲಯಗಳಲ್ಲಿ, ಶಾಲೆಗಳಲ್ಲಿ ಕೈಬರಹದ ಪತ್ರಿಕೆಗಳು ಒಂದೇ ಪ್ರತಿಯಾಗಿ ಹುಟ್ಟಿ, ಕೈಯಿಂದ ಕೈಗೆ ಹೋಗುತ್ತಿದ್ದವು. ಅಕ್ಷರ ದುಂಡಗಿದ್ದ ಹುಡುಗನೇ ಅದರ ಮುದ್ರಕ. ಚಿತ್ರ ಬರೆಯಬಲ್ಲವನೇ ಮುಖಪುಟದ ಕಲಾವಿದ. ಇನ್ನು ಕಾಗದಗಳ ಮಾತು. 1879ರಲ್ಲಿ ಭಾರತಕ್ಕೆ ಬಂದ ಅಂಚೆಕಾರ್ಡು ಬಡವನ ಕೈಗೂ ಎಟುಕಿತು. ಆದರೆ ಅದು ತೆರೆದ ಪುಟವಾದುದರಿಂದ ಕ್ಷೇಮಸಮಾಚಾರಕ್ಕಷ್ಟೇ ಸೂಕ್ತವಾಗಿತ್ತು. 1950ರಲ್ಲಿ ಇನ್‌ಲ್ಯಾಂಡ್ ಕಾಗದ ಬಳಕೆಗೆ ಬಂದ ಮೇಲೆ ಅಲ್ಪ ವೆಚ್ಚದಲ್ಲಿ ಮಡಚಿ ಅಂಟಿಸಬಹುದಾದ ಗೋಪ್ಯ ಪುಟವೊಂದು ಜನಸಾಮಾನ್ಯರಿಗೂ ದೊರೆಯಿತು. ಬರೆಯುವ ಸ್ಥಳ ಮುಗಿದ ಮೇಲೆ ಅಂಚಿನಲ್ಲಿ ಅಡ್ಡವಾಗಿ ಬರೆದ ಕೊನೆಯ ಸಾಲುಗಳಲ್ಲಿಯೇ ಎಷ್ಟೋ ಸಲ ಕಾಗದದ ನಿಜವಾದ ವಿಷಯ ಇರುತ್ತಿತ್ತು.

ಸಂಪಿಗೆ ರಸ್ತೆಯ ಮನೆಗಳು

ಇಂತಹ ಬರಹಗಳ ಬಗ್ಗೆ ಯೋಚಿಸುವವರು ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಒಮ್ಮೆ ನಡೆದುಬಂದರೆ ಸಾಕು, ಸಮಸ್ಯೆಯ ಸ್ವರೂಪ ಕಣ್ಣಿಗೆ ಕಟ್ಟುತ್ತದೆ. 1898ರ ಪ್ಲೇಗಿನ ಹಾವಳಿಯ ತರುವಾಯ ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಕುಟುಂಬಗಳು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳಲ್ಲಿ ನೆಲೆಸಿದವು. ಸಂಪಿಗೆಯ ಹೆಸರಿನದೊಂದು, ಬೇವಿನ ಹೆಸರಿನ ಮಾರ್ಗೋಸಾ ರಸ್ತೆಯೆಂಬುದಿನ್ನೊಂದು, ಹೀಗೆ ಜೊತೆಜೊತೆಯಾಗಿ ಸಾಗುವ ಎರಡು ರಸ್ತೆಗಳೂ, ಅವುಗಳನ್ನು ಸಂಧಿಸುವ ಸಂಖ್ಯಾಂಕಿತ ಅಡ್ಡರಸ್ತೆಗಳೂ ಈ ಬಡಾವಣೆಯ ಗುರುತು. ಮುಂದೆ ಜಗಲಿ, ಹಿಂದೆ ಬಾವಿ, ಹೆಂಚಿನ ಮಾಡಿನಡಿಯಲ್ಲಿ ಅಟ್ಟವುಳ್ಳ ಮನೆಗಳಲ್ಲಿ ಉಪಾಧ್ಯಾಯರು, ಗುಮಾಸ್ತರು, ವಕೀಲರು, ವರ್ತಕರು ವಾಸವಾಗಿದ್ದರು. ಅಕ್ಷರಸ್ಥ ಕುಟುಂಬಗಳಾದುದರಿಂದ ಆ ಅಟ್ಟಗಳಲ್ಲಿ ತಗಡಿನ ಪೆಟ್ಟಿಗೆಗಳಿದ್ದವು. ಪೆಟ್ಟಿಗೆಗಳಲ್ಲಿ ಕಾಗದಗಳು, ದಿನಚರಿಗಳು, ಹಾಡಿನ ಪುಸ್ತಕಗಳು, ಮನೆಯ ಖರ್ಚಿನ ಲೆಕ್ಕದ ನಡುನಡುವೆ ಬರೆದ ಸ್ವಂತ ಮಾತುಗಳು ಇದ್ದವು.

ಇಂದು ಆ ಮನೆಗಳಲ್ಲಿ ಅನೇಕವು ಇಲ್ಲ. ಅವುಗಳ ಸ್ಥಾನದಲ್ಲಿ ಅಂತಸ್ತಿನ ಕಟ್ಟಡಗಳೂ ಮಳಿಗೆಗಳೂ ಬಂದಿವೆ. ಕಾಲಾನುಗತವಾದ ಈ ಮಾರ್ಪಾಡನ್ನು ಹಳಿದು ಫಲವಿಲ್ಲ. ಆದರೆ ಮನೆ ಕೆಡಹುವ ಮುನ್ನ ಒಡವೆ, ಪಾತ್ರೆ, ಆಸ್ತಿಪತ್ರಗಳನ್ನು ಜಾಗರೂಕತೆಯಿಂದ ಸಾಗಿಸುವ ಕುಟುಂಬದವರು ಅಟ್ಟದ ಪೆಟ್ಟಿಗೆಯನ್ನು ಹಳೆಯ ಕಾಗದದ ವ್ಯಾಪಾರಿಗೆ ತೂಕಕ್ಕೆ ಹಾಕಿಬಿಡುತ್ತಾರೆ. ಅಜ್ಜಿಯೊಬ್ಬಳು ಅರವತ್ತು ವರ್ಷಗಳ ಹಿಂದೆ ಬರೆದ ಟಿಪ್ಪಣಿಗೆ ಬೆಲೆಯಿಲ್ಲವೆಂದು ಅವರು ದುರುದ್ದೇಶದಿಂದ ತೀರ್ಮಾನಿಸಿದ್ದಲ್ಲ. ಅದನ್ನು ಏನು ಮಾಡಬೇಕೆಂದು ಅವರಿಗೆ ಹೇಳುವವರು ಯಾರೂ ಇರಲಿಲ್ಲ, ಅಷ್ಟೆ.

ಗಣಕಯಂತ್ರದ ಪುಟ

ಇದೇ ವೇಳೆಗೆ ಅಂತರಂಗದ ಬರಹವು ಕಾಗದವನ್ನು ಬಿಟ್ಟು ಗಣಕಯಂತ್ರವನ್ನು ಆಶ್ರಯಿಸಿತು. ಕನ್ನಡಕ್ಕೆ ಈ ದಾರಿ ಸುಗಮವಾಗಿರಲಿಲ್ಲ. ಯಂತ್ರವು ಅಕ್ಷರಗಳನ್ನು ಸಂಖ್ಯೆಗಳಾಗಿ ನೆನಪಿಟ್ಟುಕೊಳ್ಳುತ್ತದೆ. ಆರಂಭದಲ್ಲಿ ಒಂದೊಂದು ತಂತ್ರಾಂಶವೂ ಕನ್ನಡದ ಅಕ್ಷರಗಳಿಗೆ ತನ್ನದೇ ಆದ ಸಂಖ್ಯೆಗಳನ್ನು ಕೊಟ್ಟುಕೊಂಡಿತ್ತು. ಆದುದರಿಂದ ಒಂದು ಯಂತ್ರದಲ್ಲಿ ಬರೆದ ಕಾಗದವನ್ನು ಇನ್ನೊಂದರಲ್ಲಿ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣಿಸುತ್ತಿತ್ತು. 1991ರಲ್ಲಿ ರೂಪುಗೊಂಡ ಯೂನಿಕೋಡ್ ಎಂಬ ಅಂತಾರಾಷ್ಟ್ರೀಯ ಸಂಕೇತಕ್ರಮವು ಜಗತ್ತಿನ ಲಿಪಿಗಳಿಗೆ ನಿಶ್ಚಿತವಾದ ಸ್ಥಾನಗಳನ್ನು ಗೊತ್ತುಮಾಡಿತು. ಕನ್ನಡ ಲಿಪಿಗಾಗಿ ಅದರಲ್ಲಿ 128 ಸ್ಥಾನಗಳು ಮೀಸಲಾಗಿವೆ. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’, ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಅನುಸರಿಸಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಇವು ಸಾಮಾನ್ಯರೂ ಯಂತ್ರದಲ್ಲಿ ಕನ್ನಡ ಬರೆಯುವಂತೆ ಮಾಡಿದವು. ಯೂನಿಕೋಡ್ ಬಳಕೆ ವ್ಯಾಪಕವಾದ ಮೇಲೆ ಒಬ್ಬರು ಬರೆದುದನ್ನು ಮತ್ತೊಬ್ಬರು ಎಲ್ಲಿಂದಾದರೂ ಓದಲು ಸಾಧ್ಯವಾಯಿತು.

ಇದರ ಫಲವಾಗಿ ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಜಾಲದ ಮೇಲೆ ಸ್ವಂತ ಮಾತನ್ನು ಬರೆಯುವ ಕನ್ನಡಿಗರ ಸಂಖ್ಯೆ ಹೆಚ್ಚಿತು. ಇವರಲ್ಲಿ ಅನೇಕರು ಸಾಹಿತ್ಯವನ್ನು ವೃತ್ತಿಯಾಗಿ ಉಳ್ಳವರಲ್ಲ. ತಂತ್ರಜ್ಞರು, ಗೃಹಿಣಿಯರು, ಉಪಾಧ್ಯಾಯರು, ಪರದೇಶದಲ್ಲಿ ನೆಲೆಸಿದ ಕುಟುಂಬದವರು ತಮ್ಮ ಊರಿನ ಜಾತ್ರೆ, ತಾಯಿಯ ಅಡುಗೆ, ಮಗುವಿನ ಮೊದಲ ಕನ್ನಡ ಮಾತು, ಮರೆತುಹೋಗುತ್ತಿರುವ ಗಾದೆಗಳನ್ನು ಬರೆದರು. ಸಂಪಾದಕನ ಒಪ್ಪಿಗೆ ಬೇಕಿರಲಿಲ್ಲ, ಅಚ್ಚಿನ ವೆಚ್ಚವಿರಲಿಲ್ಲ, ಓದಿದವರ ಮರುನುಡಿ ಅದೇ ದಿನ ಬರುತ್ತಿತ್ತು. ಕಲ್ಯಾಣದ ಗೋಷ್ಠಿಗೂ ಇದಕ್ಕೂ ಸಾಧನೆಯಲ್ಲಿ ಅಜಗಜಾಂತರವಿದೆಯಾದರೂ, ಕಾಯಕಜೀವಿಯು ತನ್ನ ನುಡಿಯಲ್ಲಿ ತನ್ನ ಅನುಭವವನ್ನು ಹೇಳಿ ಬಳಗವೊಂದನ್ನು ಪಡೆಯುವ ಹಂಬಲ ಎರಡರಲ್ಲಿಯೂ ಕಾಣುತ್ತದೆ.

ಅನುಕೂಲದೊಡನೆ ಎರಡು ತೊಡಕುಗಳೂ ಬಂದವು. ಒಂದನೆಯದು ಬಾಳಿಕೆಯದು. ಓಲೆಗೆ ಹುಳು, ಕಾಗದಕ್ಕೆ ತೇವ ಶತ್ರುವಾದರೆ, ಜಾಲದ ಬರಹಕ್ಕೆ ಅದನ್ನು ಇರಿಸಿಕೊಂಡ ವ್ಯಾಪಾರಸಂಸ್ಥೆಯ ತೀರ್ಮಾನವೇ ಶತ್ರುವಾಗಬಲ್ಲದು. ಲಕ್ಷಾಂತರ ಜನರ ಸ್ವಂತ ಪುಟಗಳಿದ್ದ ಜಿಯೋಸಿಟೀಸ್ ಎಂಬ ಸೇವೆಯನ್ನು 2009ರಲ್ಲಿ ಮುಚ್ಚಲಾಯಿತು. ಭಾರತೀಯರಿಗೆ ಅಚ್ಚುಮೆಚ್ಚಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ನಿಂತಿತು. ಪ್ರತಿ ಮಾಡಿಟ್ಟುಕೊಳ್ಳದವರು ತಮ್ಮ ಬರಹಗಳನ್ನು ಕಳೆದುಕೊಂಡರು. ಗುಪ್ತಪದ ತಿಳಿದಿದ್ದ ವ್ಯಕ್ತಿ ತೀರಿಕೊಂಡರೆ ಮನೆಯವರಿಗೂ ಆ ಪೆಟ್ಟಿಗೆ ತೆರೆಯುವುದಿಲ್ಲ. ಎರಡನೆಯ ತೊಡಕು ಗೋಪ್ಯತೆಯದು. ಕಾಗದ ಒಬ್ಬನಿಗೆ ತಲುಪುತ್ತಿತ್ತು. ಇಂದಿನ ಬರಹ ಕ್ಷಣಾರ್ಧದಲ್ಲಿ ಅಪರಿಚಿತರ ಕೈ ಸೇರುತ್ತದೆ. ಬರೆದವನು ತನ್ನ ವಿಷಯವನ್ನು ಹೇಳುವಾಗ ಮನೆಯವರ, ನೆರೆಯವರ ವಿಷಯವೂ ಅದರೊಡನೆ ಹೊರಬೀಳುತ್ತದೆ. ತನ್ನ ಅಂತರಂಗವನ್ನು ತೆರೆಯುವ ಅಧಿಕಾರ ಎಲ್ಲರಿಗೂ ಉಂಟು. ಇನ್ನೊಬ್ಬರ ಅಂತರಂಗವನ್ನು ಅವರ ಒಪ್ಪಿಗೆಯಿಲ್ಲದೆ ತೆರೆಯುವ ಅಧಿಕಾರ ಯಾರಿಗೂ ಇಲ್ಲ. ಈ ವಿವೇಕವನ್ನು ಮಕ್ಕಳಿಗೆ ಬಾಲ್ಯದಲ್ಲಿಯೇ ಕಲಿಸಬೇಕಾಗಿದೆ.

ಶಾಲೆಯ ಹೊಣೆ

ಹಾಗಾದರೆ ಮಾಡಬಹುದಾದುದೇನು? ಮೊದಲನೆಯದಾಗಿ, ಬರೆಯುವ ಅಭ್ಯಾಸ. ಮಕ್ಕಳಿಗೆ ದಿನಕ್ಕೆ ಹತ್ತು ಸಾಲು ಸ್ವಂತ ಮಾತು ಬರೆಯುವ ಪರಿಪಾಠವನ್ನು ಮಾಡಿಸಿದರೆ ಭಾಷೆಯೂ ಬೆಳೆಯುತ್ತದೆ, ಮನಸ್ಸೂ ಹಗುರವಾಗುತ್ತದೆ. ಆದರೆ ಉಪಾಧ್ಯಾಯರು ಅದನ್ನು ತಿದ್ದುವ, ಅಂಕ ಕೊಡುವ ಗೊಡವೆಗೆ ಹೋಗಬಾರದು. ಪರೀಕ್ಷೆಗೆ ಒಳಗಾದ ದಿನಚರಿಯಲ್ಲಿ ಮಗು ಉಪಾಧ್ಯಾಯರಿಗೆ ಒಪ್ಪಿಗೆಯಾಗುವುದನ್ನಷ್ಟೇ ಬರೆಯುತ್ತದೆ. ವರ್ಷಕ್ಕೊಂದು ಕೈಬರಹದ ಸಂಚಿಕೆಯನ್ನು ಹೊರತಂದು, ಮಕ್ಕಳು ತಾವಾಗಿ ಕೊಟ್ಟುದನ್ನು ಮಾತ್ರ ಅದರಲ್ಲಿ ಸೇರಿಸುವುದು ಉಚಿತ.

ಎರಡನೆಯದು ಸಂರಕ್ಷಣೆ. ಶಾಲೆಯ ಗ್ರಂಥಾಲಯದಲ್ಲಿ ಒಂದು ಬೀರುವನ್ನು ಇದಕ್ಕೆಂದೇ ಮೀಸಲಿಡಬಹುದು. ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಗಳಲ್ಲಿರುವ ಕಾಗದ, ದಿನಚರಿ, ಹಾಡಿನ ಪುಸ್ತಕ, ಹಳೆಯ ಕೈಬರಹದ ಪತ್ರಿಕೆಗಳನ್ನು, ಬರೆದವರ ಹೆಸರು, ಊರು, ಕಾಲಗಳನ್ನು ಗುರುತಿಸಿ ಅಲ್ಲಿಗೆ ಒಪ್ಪಿಸಬಹುದು. ಹೆಸರು ಕಾಲಗಳಿಲ್ಲದ ಕಾಗದ ಮುಂದಿನ ಪೀಳಿಗೆಗೆ ಒಗಟಾಗಿಬಿಡುತ್ತದೆ. ಕಬ್ಬಿಣದ ಪಿನ್ನು, ರಬ್ಬರಿನ ಪಟ್ಟಿ, ಅಂಟುಪಟ್ಟಿಗಳನ್ನು ತೆಗೆದು, ತೇವವಿಲ್ಲದ ಕಡೆ, ಬಿಸಿಲು ತಾಗದಂತೆ, ಶುಭ್ರವಾದ ಹತ್ತಿಬಟ್ಟೆಯಲ್ಲಿ ಸುತ್ತಿಟ್ಟರೆ ಸಾಮಾನ್ಯ ಕಾಗದವೂ ಬಹುಕಾಲ ಬಾಳುತ್ತದೆ. ಛಾಯಾಪ್ರತಿ ತೆಗೆದು ಎರಡು ಬೇರೆ ಬೇರೆ ಸ್ಥಳಗಳಲ್ಲಿ ಇಡುವುದು ಇನ್ನೂ ಕ್ಷೇಮಕರ. ಜಾಲದಲ್ಲಿ ಬರೆಯುವವರೂ ತಮ್ಮ ಬರಹದ ಮುದ್ರಿತ ಪ್ರತಿಯೊಂದನ್ನು ವರ್ಷಕ್ಕೊಮ್ಮೆ ಮನೆಯಲ್ಲಿ ಇರಿಸಿಕೊಳ್ಳುವುದು ಲೇಸು.

ಮೂರನೆಯದು ಮರ್ಯಾದೆ. ತೀರಿಕೊಂಡವರ ಖಾಸಗಿ ಬರಹವನ್ನು ಒಪ್ಪಿಸುವಾಗ, ಯಾರು ಓದಬಹುದು, ಯಾವ ಕಾಲದ ನಂತರ ಓದಬಹುದು ಎಂಬುದನ್ನು ಕುಟುಂಬದವರೇ ನಿಶ್ಚಯಿಸಬೇಕು. ‘ಇಷ್ಟು ವರ್ಷ ತೆರೆಯಬಾರದು’ ಎಂದು ಬರೆದು ಮುದ್ರೆಯೊತ್ತಿದ ಲಕೋಟೆಯನ್ನು ಹಾಗೆಯೇ ಕಾಪಾಡುವುದೂ ಗ್ರಂಥಾಲಯದ ಧರ್ಮ. ಬರೆದವರು ತಾವೇ ಸುಟ್ಟುಬಿಡಿರೆಂದು ಹೇಳಿದ್ದಲ್ಲಿ ಅವರ ಇಚ್ಛೆಯನ್ನು ಮೀರುವುದು ಸರಿಯೇ ಎಂಬ ಪ್ರಶ್ನೆ ಕಠಿಣವಾದುದು; ಅದನ್ನು ಪ್ರತಿಯೊಂದು ಕುಟುಂಬವೂ ತನ್ನ ಆತ್ಮಸಾಕ್ಷಿಗೆ ಅನುಗುಣವಾಗಿ ಬಿಡಿಸಿಕೊಳ್ಳಬೇಕಾಗುತ್ತದೆ.

ಈ ಕಾರ್ಯಕ್ಕೆ ಬೇಕಾಗುವ ಹಣ ಅಲ್ಪ. ಒಂದು ಬೀರು, ಒಂದು ದಾಖಲೆ ಪುಸ್ತಕ, ವಾರಕ್ಕೆ ಎರಡು ಗಂಟೆಗಳ ಕಾಲ ಶ್ರದ್ಧೆಯಿಂದ ದುಡಿಯಬಲ್ಲ ಒಬ್ಬ ಉಪಾಧ್ಯಾಯ, ಅವರಿಗೆ ನೆರವಾಗುವ ನಾಲ್ವರು ಹಿರಿಯ ವಿದ್ಯಾರ್ಥಿಗಳು ಇದ್ದರೆ ಆರಂಭಿಸಬಹುದು. ಅನ್ನದಾಸೋಹ, ಜ್ಞಾನದಾಸೋಹಗಳಿಗೆ ಕೈಬಿಚ್ಚಿ ಕೊಡುವ ದಾನಿಗಳಿಗೆ ಇದು ಭಾರವಾಗಲಾರದು. ಮಠಗಳ ಓಲೆಕಟ್ಟುಗಳಲ್ಲಿ ಶತಮಾನಗಳ ಕಾಲ ಯಾರೋ ಅನಾಮಧೇಯರು ಪ್ರತಿಮಾಡಿ ಉಳಿಸಿದ ಕಾರಣದಿಂದಲೇ ಸಂಕವ್ವೆಯ ಆ ಒಂದು ವಚನ ಇಂದಿನ ಮಕ್ಕಳ ಕಿವಿಗೆ ಬೀಳುತ್ತಿದೆ. ಮಲ್ಲೇಶ್ವರದ ಅಟ್ಟಗಳಲ್ಲಿ ಇನ್ನೂ ಉಳಿದಿರುವ ಪೆಟ್ಟಿಗೆಗಳನ್ನು, ಮನೆ ಕೆಡಹುವವರು ಬರುವ ಮುನ್ನ, ಒಮ್ಮೆ ತೆರೆದು ನೋಡುವುದು ಆ ಪರಂಪರೆಯಲ್ಲಿ ಓದಿ ಬೆಳೆದವರೆಲ್ಲರ ಕರ್ತವ್ಯವಾಗಿದೆ.